ಅಂಬಾಸಿಡರೋ, ಫಿಯಟ್ಟೋ? 50 ಹಾರ್ಸ್‌ಪವರ್ 40ಕ್ಕಿಂತ ನಿಜಕ್ಕೂ ಜಾಸ್ತಿಯೇ?

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಇದ್ದೇನೆ. ಹಳೆ ಕಾರೊಂದನ್ನು ತಗೊಂಡು, ರಿಪೇರಿ ಮಾಡಿಸಿ, ನಾನೇ ಓಡಿಸಬೇಕು ಅನ್ನೋದು ಬಹಳ ದಿನದ ಆಸೆ. ಈಗ ಎರಡು ಕಾರು ನೋಡಿದ್ದೇನೆ. ಹರಿಹರದಲ್ಲಿ 1976ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್. ಚಿತ್ರದುರ್ಗದಲ್ಲಿ 1984ರ ಪ್ರೀಮಿಯರ್ ಪದ್ಮಿನಿ. ಎರಡೂ ಸ್ಟಾರ್ಟ್ ಆಗುತ್ತವೆ, ಬೆಲೆ ಹೆಚ್ಚುಕಮ್ಮಿ ಒಂದೇ. ವಾರಕ್ಕೊಮ್ಮೆ ತಾಯಿಯವರನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಬೇಕು. ಅವರಿಗೆ ಮಂಡಿ ನೋವಿದೆ. ಹೆಂಡತಿ, ಇಬ್ಬರು ಮಕ್ಕಳೂ ಜೊತೆಗಿರುತ್ತಾರೆ. ತಿಂಗಳಿಗೊಮ್ಮೆ ಜಗಳೂರು ಕಡೆ ತೋಟಕ್ಕೆ ಹೋಗುತ್ತೇವೆ. 50 ಹಾರ್ಸ್‌ಪವರ್‌ನ ಅಂಬಾಸಿಡರ್ 40ರ ಪದ್ಮಿನಿಗಿಂತ ಜೋರಾಗಿ ಓಡಬೇಕಲ್ವಾ? ಎರಡನ್ನೂ ಹೋಲಿಸಿ ಹೇಳಿ.

ಉತ್ತರ: ನಮ್ಮ ಕಡೆ ಪದ್ಮಿನಿ ಅನ್ನುವವರು ಕಡಿಮೆ. ಎಲ್ಲರಿಗೂ ಅದು ಫಿಯಟ್ ಕಾರೇ. ನಾನೂ ಹಾಗೇ ಬರೆಯುತ್ತೇನೆ.

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. 40ಕ್ಕಿಂತ 50 ದೊಡ್ಡದು, ನಿಜ. ಆದರೆ ಆ 50 ಎಳೆಯಬೇಕಾದ ಭಾರ ಎಷ್ಟು? ಅಂಬಾಸಿಡರ್‌ನ ಖಾಲಿ ತೂಕ 1100 ಕೆಜಿ ದಾಟುತ್ತದೆ. ಫಿಯಟ್ 900 ಕೆಜಿಗೂ ಚೂರು ಕಡಿಮೆ, 895ರ ಹತ್ತಿರ. ಈಗ ಭಾಗಿಸಿ ನೋಡಿ. ಎರಡಕ್ಕೂ ಟನ್ನಿಗೆ 45 ಹಾರ್ಸ್‌ಪವರ್ ಆಸುಪಾಸು ಬರುತ್ತದೆ. ದೊಡ್ಡ ಎತ್ತಿಗೆ ದೊಡ್ಡ ಗಾಡಿ ಹೂಡಿದ್ದಾರೆ, ಸಣ್ಣ ಎತ್ತಿಗೆ ಸಣ್ಣ ಗಾಡಿ. ಖಾಲಿ ಓಡುವಾಗ ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಹೊಸದಾಗಿದ್ದಾಗ ಎರಡರದ್ದೂ ಗರಿಷ್ಠ ವೇಗ ಗಂಟೆಗೆ 120 ಕಿಲೋಮೀಟರ್ ಹತ್ತಿರವೇ ಇತ್ತು.

ಜನ ತುಂಬಿದ ಮೇಲೆ ಈ ಲೆಕ್ಕ ಬದಲಾಗುತ್ತದೆ. ನಿಮ್ಮ ಮನೆಯ ಐದು ಜನ, ಡಿಕ್ಕಿಯಲ್ಲಿ ಎರಡು ಚೀಲ, ಎಲ್ಲಾ ಸೇರಿ 350 ಕೆಜಿ ಅಂತ ಇಟ್ಟುಕೊಳ್ಳಿ. ಅಂಬಾಸಿಡರ್‌ಗೆ ಟನ್ನಿಗೆ 34 ಉಳಿಯುತ್ತದೆ, ಫಿಯಟ್‌ಗೆ 32. ಹಗುರ ಕಾರಿಗೆ ಅದೇ ಹೊರೆ ಜಾಸ್ತಿ ಭಾರ ಅನಿಸುತ್ತದೆ. ಒಬ್ಬರೇ ಓಡಿಸಿದವರು ಫಿಯಟ್ ಚುರುಕು ಅಂತಾರೆ. ಮನೆ ಮಂದಿಯನ್ನೆಲ್ಲ ತುಂಬಿಕೊಂಡು ಹೋದವರು ಅಂಬಾಸಿಡರ್ ಗಟ್ಟಿ ಅಂತಾರೆ. ಇಬ್ಬರ ಮಾತೂ ಸರಿ.

ಈ ಎರಡು ಕಾರಿನ ಮೂಲ ಎಲ್ಲಿಯದು ಅಂತ ಚೂರು ನೋಡೋಣ. ಗುಣ ಬಂದಿರುವುದು ಅಲ್ಲಿಂದಲೇ. ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರು, ಅಲ್ಲಿ 1956ರಲ್ಲಿ ಬಂದದ್ದು. ಅದನ್ನು ಹಿಂದುಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತನಕ ತಯಾರಿಸಿತು. ಫಿಯಟ್ ಇಟಲಿಯ 1100. ಆ ಮಾದರಿಯ ಮೊದಲ ರೂಪ ಅಲ್ಲಿ 1953ರಲ್ಲಿ ಬಂತು. ಇಲ್ಲಿ ಅದನ್ನು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಮಾಡುತ್ತಿತ್ತು. 1964ರಲ್ಲಿ ಫಿಯಟ್ 1100 ಡಿಲೈಟ್ ಅನ್ನೋ ಹೆಸರಲ್ಲಿ ಬಂದದ್ದು ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಇಂಗ್ಲೆಂಡಿನವರು ಸಂಸಾರಕ್ಕೆ ಅಂತ ದಪ್ಪಗೆ ಕಟ್ಟಿದರು. ಇಟಲಿಯವರು ಇಕ್ಕಟ್ಟಿನ ಬೀದಿಗೆ, ದುಬಾರಿ ಪೆಟ್ರೋಲಿಗೆ ಹೊಂದುವ ಹಾಗೆ ತೆಳ್ಳಗೆ ಕಟ್ಟಿದರು.

ಎಂಜಿನ್ ವಿಚಾರಕ್ಕೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಅಂಬಾಸಿಡರ್ ಮಾರ್ಕ್ 3ರದ್ದು 1489 ಸಿಸಿ. ಫಿಯಟ್‌ನದು 1089 ಸಿಸಿ. ಸರಿಯಾಗಿ 400 ಸಿಸಿ ವ್ಯತ್ಯಾಸ. ಎರಡಕ್ಕೂ ನಾಲ್ಕು ಸಿಲಿಂಡರ್, ಎರಡಕ್ಕೂ ವಾಲ್ವ್ ಮೇಲೆ, ಎರಡರ ಕ್ರ್ಯಾಂಕ್‌ಗೂ ಮೂರು ಮೇನ್ ಬೇರಿಂಗ್. ವ್ಯತ್ಯಾಸ ಇರುವುದು ಬೋರ್ ಮತ್ತು ಸ್ಟ್ರೋಕ್‌ನಲ್ಲಿ. ಬೋರ್ ಅಂದರೆ ಸಿಲಿಂಡರಿನ ಅಗಲ, ಸ್ಟ್ರೋಕ್ ಅಂದರೆ ಅದರೊಳಗೆ ಪಿಸ್ಟನ್ ನಡೆಯುವ ದೂರ. ಅಂಬಾಸಿಡರ್ ಬೋರ್ 73 ಮಿಲಿಮೀಟರ್, ಸ್ಟ್ರೋಕ್ 88.9. ಫಿಯಟ್ ಬೋರ್ 68, ಸ್ಟ್ರೋಕ್ 75. ಅಂದರೆ ಅಂಬಾಸಿಡರ್ ಪಿಸ್ಟನ್ ಉದ್ದ ನಡೆಯುತ್ತದೆ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಅಂಬಾಸಿಡರ್ ಪಿಸ್ಟನ್ 711 ಮೀಟರ್ ಓಡಾಡಿರುತ್ತದೆ, ಫಿಯಟ್‌ನದು 600 ಮೀಟರ್. ಅಷ್ಟು ಉದ್ದ ಓಡುವ ಪಿಸ್ಟನ್ನಿಗೆ ಅವಸರ ಆಗಿಬರಲ್ಲ. ಅದಕ್ಕೇ ಅಂಬಾಸಿಡರ್‌ನ ಪೂರ್ತಿ ಶಕ್ತಿ 4200 ಸುತ್ತಿಗೇ ಬಂದುಬಿಡುತ್ತದೆ, ಫಿಯಟ್‌ನದು 4800ಕ್ಕೆ.

ರಸ್ತೆಯಲ್ಲಿ ಇದು ಹೀಗೆ ಗೊತ್ತಾಗುತ್ತದೆ. ಅಂಬಾಸಿಡರ್ ಟಾಪ್ ಗೇರಿನಲ್ಲಿ 30ಕ್ಕೆ ಇಳಿದರೂ ಎಂಜಿನ್ ಗುಂಯ್ ಅಂತ ಎಳೆದುಕೊಂಡು ಹೋಗುತ್ತದೆ, ಒದರುವುದಿಲ್ಲ. ಚೌಕಿಪೇಟೆಯಲ್ಲಿ ತಳ್ಳುಗಾಡಿಗಳ ಹಿಂದೆ ತೆವಳುವಾಗ ಗೇರು ಬದಲಾಯಿಸೋ ಕೆಲಸ ಕಡಿಮೆ. ಫಿಯಟ್‌ನಲ್ಲಿ ಆಗಾಗ ಗೇರು ಇಳಿಸಬೇಕು. ಆದರೆ ಇಳಿಸಿ, ಕಾಲು ಒತ್ತಿ, ಎಂಜಿನ್ ಮೇಲಕ್ಕೇರಲು ಬಿಟ್ಟರೆ ಅದು ಖುಷಿಯಾಗಿ ಹಾಡುತ್ತದೆ. ಅಂಬಾಸಿಡರ್‌ಗೆ ಹಾಗೆ ಮಾಡಿದರೆ ಕಾರು ಪೂರ್ತಿ ಗಡಗಡ ಅನ್ನುತ್ತದೆ, ವೇಗ ಮಾತ್ರ ಏರಲ್ಲ.

ಒಂದು ಸಲ ಎರಡನ್ನೂ ಒಂದೇ ಬೆಳಿಗ್ಗೆ ಜೋಗಿಮಟ್ಟಿ ಹತ್ತಿಸಿದ್ದೆವು. ನಾನು ಗ್ಯಾರೇಜಿಗೆ ಸೇರಿ ಏಳೆಂಟು ವರ್ಷ ಆಗಿತ್ತು. ಎರಡೂ ಗಿರಾಕಿಗಳ ಕಾರು, ಎರಡಕ್ಕೂ ಆಗಷ್ಟೇ ಸಿಲಿಂಡರ್ ಕೊರೆಸಿ (ಬೋರ್ ಮಾಡಿಸಿ) ಹೊಸ ಪಿಸ್ಟನ್ ರಿಂಗ್ ಹಾಕಿದ್ದೆವು. ನಾಲ್ಕು ನಾಲ್ಕು ಜನ ಕೂತು ಚಿತ್ರದುರ್ಗದಿಂದ ಹೊರಟೆವು. ನಾನು ಫಿಯಟ್‌ನಲ್ಲಿದ್ದೆ, ನಮ್ಮ ಮೇಸ್ತ್ರಿ ಅಂಬಾಸಿಡರ್‌ನಲ್ಲಿ. ಏರು ಶುರುವಾಗುತ್ತಲೇ ನಾನು ಮೂರರಿಂದ ಎರಡಕ್ಕೆ ಇಳಿಸಿದೆ. ಎಂಜಿನ್ ಸದ್ದು ಏರಿತು, ಕಾರು ಹಿಡಿದುಕೊಂಡಿತು. ಮುಂದೆ ಹೋಗುತ್ತಿದ್ದ ಮೇಸ್ತ್ರಿ ಬಹಳ ದೂರ ಮೂರರಲ್ಲೇ ಹೋದರು, ಆಮೇಲೆ ಅವರೂ ಎರಡಕ್ಕೆ ಬಂದರು. ತಿರುವುಗಳಲ್ಲಿ ನಾನು ಅವರ ಬೆನ್ನಿಗೆ ಹತ್ತುತ್ತಿದ್ದೆ, ನೇರ ಏರಿನಲ್ಲಿ ಅವರು ನಾಲ್ಕು ಮಾರು ಮುಂದೆ ಸರಿಯುತ್ತಿದ್ದರು. ಮೇಲೆ ತಲುಪಿದಾಗ ನಡುವೆ ಒಂದು ಲಾರಿಯಷ್ಟೂ ಅಂತರ ಇರಲಿಲ್ಲ. ಮೇಸ್ತ್ರಿ ಇಳಿದು ಎರಡೂ ಬಾನೆಟ್ ಮೇಲೆ ಅಂಗೈ ಇಟ್ಟರು. ಅಂಬಾಸಿಡರ್ ಬೆಚ್ಚಗಿತ್ತು, ಫಿಯಟ್ ಬಿಸಿಯಾಗಿತ್ತು. "ಇದು ಹೊತ್ತುಕೊಂಡು ಬಂತು, ಅದು ಓಡಿಕೊಂಡು ಬಂತು" ಅಂದರು. ಇವತ್ತಿಗೂ ಗಿರಾಕಿಗಳಿಗೆ ನಾನು ಹೇಳೋದು ಇದೇ ಮಾತು.

ಎರಡರಲ್ಲೂ ಸ್ಟೇರಿಂಗ್ ಕಂಬಕ್ಕೇ ಗೇರ್ ಲಿವರ್, ಮುಂದಕ್ಕೆ ನಾಲ್ಕು ಗೇರು. ಮೊದಲ ಗೇರಿಗೆ ಸಿಂಕ್ರೋ, ಅಂದರೆ ಹಲ್ಲುಗಳ ವೇಗ ಹೊಂದಿಸಿ ಕೂರಿಸುವ ಭಾಗ, ಇಲ್ಲ. ಕಾರು ಉರುಳುತ್ತಿರುವಾಗ ಒಂದಕ್ಕೆ ಹಾಕಲು ಹೋದರೆ ಹಲ್ಲು ಕಿರ್‌ ಅನ್ನುತ್ತದೆ. ಪೂರ್ತಿ ನಿಲ್ಲಿಸಿ ಹಾಕಿ, ಇಲ್ಲ ಡಬಲ್ ಕ್ಲಚ್ ಕಲಿಯಿರಿ. ಅಂದರೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಚೂರು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರು ಹಾಕೋದು. ಒಂದು ಭಾನುವಾರ ಸಾಕು ಕಲಿಯೋಕೆ.

ಸ್ಟೇರಿಂಗ್‌ನಲ್ಲಿ ಜನ ಗಮನಿಸದ ಒಂದು ವಿಷಯ ಇದೆ. ದಪ್ಪ ಕಾರು ಅನಿಸಿಕೊಳ್ಳುವ ಅಂಬಾಸಿಡರ್‌ಗೆ ಹಲ್ಲಿನ ಚಕ್ರ ನೇರವಾಗಿ ಹಲ್ಲುಪಟ್ಟಿಯನ್ನು ತಳ್ಳುವ ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್. ಚುರುಕು ಅನಿಸಿಕೊಳ್ಳುವ ಫಿಯಟ್‌ಗೆ ಹಳೆ ಕಾಲದ ಸ್ಟೇರಿಂಗ್ ಬಾಕ್ಸ್, ಒಳಗೆ ವರ್ಮ್ ಮತ್ತು ರೋಲರ್. ಬಾಕ್ಸ್ ಸವೆದಿದ್ದರೆ ಸ್ಟೇರಿಂಗ್ ಎರಡು ಬೆರಳು ತಿರುಗಿದರೂ ಚಕ್ರ ಅಲ್ಲಾಡಲ್ಲ. ಊರೊಳಗೆ ಇದು ಅಷ್ಟಾಗಿ ಗೊತ್ತಾಗಲ್ಲ. ಹೈವೇಯಲ್ಲಿ ಗೊತ್ತಾಗುತ್ತದೆ. ಭರಮಸಾಗರ ದಾಟಿ ಚಿತ್ರದುರ್ಗದ ಹತ್ತಿರ ಬಂದಾಗ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ಲ, ಅವನ್ನು ಸುಮ್ನೆ ಅಲ್ಲಿ ನೆಟ್ಟಿಲ್ಲ. ಗಾಳಿ ಜೋರಿರುವ ದಿನ, ಪಕ್ಕದಲ್ಲಿ ದೊಡ್ಡ ಕಂಟೇನರ್ ಲಾರಿ ಹಾದುಹೋದಾಗ, ಹಗುರವಾದ ಫಿಯಟ್ ಒಂದು ಅಡಿ ಪಕ್ಕಕ್ಕೆ ಸರಿದ ಹಾಗೆ ಅನಿಸುತ್ತದೆ. ಬಾಕ್ಸ್ ಸರಿಯಿದ್ದರೆ ತಡೆದುಕೊಳ್ಳಬಹುದು. ಸವೆದಿದ್ದರೆ ಭಯ. ಹಾಗಾಗಿ ಆ ಚಿತ್ರದುರ್ಗದ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಇದು. ಕಾರು ನಿಲ್ಲಿಸಿ, ಒಬ್ಬರು ಹೊರಗೆ ಮುಂದಿನ ಚಕ್ರ ನೋಡುತ್ತಿರಲಿ, ನೀವು ಸ್ಟೇರಿಂಗ್ ನಿಧಾನ ಆಡಿಸಿ. ಚಕ್ರ ಅಲ್ಲಾಡುವ ಮೊದಲು ಎಷ್ಟು ತಿರುಗಿತು ಅಂತ ನೋಡಿ.

ಸಸ್ಪೆನ್ಷನ್ ಹಿಂದುಗಡೆ ಎರಡಕ್ಕೂ ಲೀಫ್ ಸ್ಪ್ರಿಂಗ್. ಮುಂದೆ ಅಂಬಾಸಿಡರ್‌ಗೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ, ಅಂದರೆ ಟಾರ್ಷನ್ ಬಾರ್, ಫಿಯಟ್‌ಗೆ ಕಾಯಿಲ್ ಸ್ಪ್ರಿಂಗ್. ಅಂಬಾಸಿಡರ್ ಚಕ್ರ 15 ಇಂಚು, ಫಿಯಟ್‌ನದು 14. ಜಗಳೂರು ಕಡೆಯ ಮಣ್ಣು ರಸ್ತೆಯಲ್ಲಿ ಆ ಒಂದು ಇಂಚು, ಆ ತೂಕ, ಆ ಉದ್ದ ಎಲ್ಲಾ ಸೇರಿ ಅಂಬಾಸಿಡರ್‌ಗೆ ಅನುಕೂಲ. ಗುಂಡಿಯಲ್ಲಿ ಬಿದ್ದು ಎದ್ದರೂ ಒಳಗೆ ಕೂತವರಿಗೆ ದೋಣಿಯಲ್ಲಿ ತೂಗಿದ ಹಾಗೆ ಇರುತ್ತದೆ. ಫಿಯಟ್ ಕುಣಿಸುತ್ತದೆ. ಆದರೆ ಡಾಂಬರು ರಸ್ತೆಯ ತಿರುವಿನಲ್ಲಿ ಫಿಯಟ್ ವಾಲುವುದು ಕಡಿಮೆ, ಚಾಲಕನಿಗೆ ಧೈರ್ಯ ಜಾಸ್ತಿ.

ಅಳತೆ ವಿಚಾರ. ಅಂಬಾಸಿಡರ್ ಉದ್ದ 4325 ಮಿಲಿಮೀಟರ್, ಅಗಲ 1662, ಎತ್ತರ 1600. ಫಿಯಟ್ ಉದ್ದ 3930, ಅಗಲ 1460, ಎತ್ತರ 1468. ಅಗಲದಲ್ಲಿ 20 ಸೆಂಟಿಮೀಟರ್ ವ್ಯತ್ಯಾಸ. ಒಂದು ಗೇಣು. ಹಿಂದಿನ ಸೀಟಿನಲ್ಲಿ ಮೂರನೆಯವರು ಕೂರುವುದು ಆ ಗೇಣಿನಲ್ಲೇ. ಎತ್ತರದಲ್ಲಿ 13 ಸೆಂಟಿಮೀಟರ್. ನಿಮ್ಮ ತಾಯಿಯವರ ಮಂಡಿಗೆ ಇದು ಬಹಳ ಮುಖ್ಯ. ಅಂಬಾಸಿಡರ್ ಸೀಟು ಕುರ್ಚಿಯ ಹಾಗೆ ಎತ್ತರದಲ್ಲಿದೆ. ಬಾಗಿಲು ತೆಗೆದು, ಹಿಂದಕ್ಕೆ ತಿರುಗಿ, ಹಾಗೇ ಕೂತು, ಕಾಲು ಒಳಗೆ ಎಳೆದುಕೊಳ್ಳಬಹುದು. ಫಿಯಟ್‌ನಲ್ಲಿ ಮಂಡಿ ಬಗ್ಗಿಸಿ ಕೆಳಗೆ ಇಳಿದು ಕೂರಬೇಕು, ಏಳುವಾಗ ಕೈ ಊರಬೇಕು. ಹಳೆ ಕಾಲದಲ್ಲಿ ಪಂಚೆ ಉಟ್ಟ ಯಜಮಾನರು, ಸೀರೆ ಉಟ್ಟ ಹೆಂಗಸರು ಅಂಬಾಸಿಡರ್ ಇಷ್ಟಪಟ್ಟಿದ್ದಕ್ಕೆ ಇದೂ ಒಂದು ಕಾರಣ.

ಪೆಟ್ರೋಲ್ ಖರ್ಚಿನಲ್ಲಿ ಫಿಯಟ್ ಮುಂದೆ. ಚೆನ್ನಾಗಿ ಟ್ಯೂನ್ ಆಗಿರುವ ಫಿಯಟ್ ಹೈವೇಯಲ್ಲಿ ಲೀಟರಿಗೆ 13ರ ಹತ್ತಿರ ಕೊಡುತ್ತದೆ, ಅಂಬಾಸಿಡರ್ 10. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರೋಕೆ 120 ಕಿಲೋಮೀಟರ್ ಅಂದುಕೊಂಡರೆ ವಾರಕ್ಕೆ ಮೂರು ಲೀಟರ್ ವ್ಯತ್ಯಾಸ. ವರ್ಷಕ್ಕೆ 150 ಲೀಟರ್. ಸಣ್ಣ ಮೊತ್ತವಲ್ಲ, ಆದರೆ ಹಳೆ ಕಾರು ಇಟ್ಟುಕೊಂಡವರ ಕೈಗೆ ಕಚ್ಚುವುದು ಪೆಟ್ರೋಲ್ ಅಲ್ಲ, ತಪ್ಪು ಎಂಜಿನ್ ಕೆಲಸ. ಅದಕ್ಕೆ ಈಗ ಹೇಳೋದನ್ನು ಸಮಾಧಾನವಾಗಿ ಓದಿ.

ಎಂಜಿನ್ನಿನಲ್ಲಿ ಸಿಲಿಂಡರ್‌ಗಳಿರುವ ಕೆಳಭಾಗ ಬ್ಲಾಕ್, ಅದರ ಮೇಲೆ ಮುಚ್ಚುವ, ವಾಲ್ವ್ ಇರುವ ಭಾಗ ಹೆಡ್. ಅಂಬಾಸಿಡರ್‌ಗೆ ಬ್ಲಾಕೂ ಬೀಡು ಕಬ್ಬಿಣ, ಹೆಡ್ಡೂ ಬೀಡು ಕಬ್ಬಿಣ. ಫಿಯಟ್‌ಗೆ ಬ್ಲಾಕ್ ಬೀಡು, ಹೆಡ್ ಅಲ್ಯುಮಿನಿಯಂ. ಇಷ್ಟರಿಂದಲೇ ಎರಡು ಕಾರಿನ ಕಾಯಿಲೆಗಳು ಬೇರೆಯಾಗುತ್ತವೆ.

ಮೊದಲು ಬಿಸಿ. ಅಲ್ಯುಮಿನಿಯಂ ಬೇಗ ಕಾಯುತ್ತದೆ, ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಒಂದೇ ಒಂದು ಸಲ ನೀರು ಇಲ್ಲದೆ ಓವರ್‌ಹೀಟ್ ಆದರೆ ಫಿಯಟ್ ಹೆಡ್ ಬಾಗಬಹುದು. ಬಾಗಿದ ಹೆಡ್ ತನಗೂ ಬ್ಲಾಕಿಗೂ ನಡುವಿನ ತೆಳು ಹಾಳೆಯಾದ ಗ್ಯಾಸ್ಕೆಟ್ ಕಚ್ಚುವುದಿಲ್ಲ, ನೀರು ಆಯಿಲ್ ಸೇರುತ್ತದೆ. ಹೆಡ್ ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ತಳವನ್ನು ಹೆರೆಸಿ ಸಮ ಮಾಡಿಸಬೇಕು. ಎಷ್ಟು ಸಲ ಅಂತ ಮಾಡಿಸ್ತೀರಿ? ಪ್ರತಿ ಸಲ ಲೋಹ ತೆಳ್ಳಗಾಗುತ್ತದೆ. ಅಂಬಾಸಿಡರ್ ಹೆಡ್ ಒಂದೆರಡು ತಪ್ಪು ಸಹಿಸಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಮರೆಯಬಾರದು. ಫಿಯಟ್ ತಗೊಂಡರೆ ಮೊದಲ ಖರ್ಚು ರೇಡಿಯೇಟರ್ ತೊಳೆಸೋಕೆ, ಹೋಸ್ ಬದಲಾಯಿಸೋಕೆ. ಬಣ್ಣ ಆಮೇಲೆ.

ಇನ್ನು ಪೆಟ್ರೋಲ್. ಇಲ್ಲಿ ಲೆಕ್ಕ ತಿರುಗುತ್ತದೆ. ಈ ಕಾರುಗಳು ಹುಟ್ಟಿದಾಗ ಪೆಟ್ರೋಲಿಗೆ ಸೀಸ ಸೇರಿಸುತ್ತಿದ್ದರು. ಆ ಸೀಸ ವಾಲ್ವ್ ಮತ್ತು ಅದು ಕೂರುವ ಸೀಟಿನ ನಡುವೆ ತೆಳು ಪದರವಾಗಿ ಕೂತು ಸವೆತ ತಡೆಯುತ್ತಿತ್ತು. 2000ನೇ ಇಸವಿಯ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಅಲ್ಯುಮಿನಿಯಂ ಹೆಡ್‌ಗೆ ಹೇಗೂ ಗಟ್ಟಿ ಲೋಹದ ವಾಲ್ವ್ ಸೀಟನ್ನು ಬೇರೆಯಾಗಿಯೇ ಕೂರಿಸಿರುತ್ತಾರೆ, ಹಾಗಾಗಿ ಫಿಯಟ್‌ಗೆ ತೊಂದರೆ ಕಡಿಮೆ. ಹಳೆ ಅಂಬಾಸಿಡರ್‌ನಲ್ಲಿ ಸೀಟನ್ನು ಹೆಡ್ಡಿನ ಬೀಡಿನಲ್ಲೇ ಕಡೆದಿರುತ್ತಾರೆ. ವಾಲ್ವ್ ಬಡಿದು ಬಡಿದು ಅದರೊಳಗೆ ಇಳಿಯುತ್ತದೆ, ಟ್ಯಾಪೆಟ್ ಸಂದು, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಜಾಗ, ಮುಚ್ಚಿಕೊಳ್ಳುತ್ತದೆ, ಕೊನೆಗೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಪದೇ ಪದೇ ಟ್ಯಾಪೆಟ್ ಬಿಗಿಯಾಗುತ್ತಿದೆ ಅಂದರೆ ಇದೇ ಕಾಯಿಲೆ. ಪರಿಹಾರ ಸುಲಭ. ಹೆಡ್ ಇಳಿಸಿ ಗಟ್ಟಿ ಸೀಟ್ ರಿಂಗ್ ಕೂರಿಸಬೇಕು. ಈ ಕೆಲಸಕ್ಕೆ ನೀವು ಬೆಂಗಳೂರಿಗೆ ಓಡಬೇಕಾಗಿಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಕಾಲದಿಂದ ನಮ್ಮ ಭಾಗದಲ್ಲಿ ನೂಲೆಳೆಯಷ್ಟು ಅಳತೆ ಹಿಡಿಯಬಲ್ಲ ಟರ್ನರ್‌ಗಳು ಬೆಳೆದಿದ್ದಾರೆ. ಒಳ್ಳೆ ಬೋರಿಂಗ್ ಶಾಪ್ ಹುಡುಕಿ, ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತುಕೊಳ್ಳಿ.

ಈಗ ಬಂಕುಗಳಲ್ಲಿ ಸಿಗುತ್ತಿರುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರ್ ವಾಷರ್ ಎಲ್ಲವನ್ನೂ ಎಥನಾಲ್ ತಡೆಯುವ ಜಾತಿಯದ್ದಕ್ಕೆ ಬದಲಾಯಿಸಿ. ಇದು ಎರಡೂ ಕಾರಿಗೆ. ಎಥನಾಲ್‌ಗೆ ಇನ್ನೊಂದು ಗುಣ ಇದೆ. ಟ್ಯಾಂಕಿನ ತಳದಲ್ಲಿ ನಲವತ್ತು ವರ್ಷ ಕೂತ ಕೊಳೆಯನ್ನು ಕೆದಕಿ ಕಾರ್ಬುರೇಟರಿನ ಸಣ್ಣ ತೂತಾದ ಜೆಟ್ಟಿಗೆ ತಂದು ತುಂಬುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ದಾರಿಯಲ್ಲಿ ಒಂದು ಫಿಲ್ಟರ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ಬಿಡಬೇಡಿ, ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ದುಬಾರಿ ಪ್ರೀಮಿಯಂ ಪೆಟ್ರೋಲ್ ಮಾತ್ರ ಬೇಕಿಲ್ಲ. ಎರಡೂ ಕಡಿಮೆ ಕಂಪ್ರೆಷನ್ ಎಂಜಿನ್‌ಗಳು.

ಬಿಸಿಲಿನಲ್ಲಿ ನಿಲ್ಲಿಸಿ ಮತ್ತೆ ಹೊರಟಾಗ ಕಾರು ಕೆಮ್ಮಿ ನಿಂತರೆ ಹೆದರಬೇಡಿ. ಪೆಟ್ರೋಲ್ ಪೈಪಿನೊಳಗೇ ಆವಿಯಾಗಿರುತ್ತದೆ. ಕಾರ್ಬುರೇಟರ್ ಕಾರುಗಳಲ್ಲಿ ಇದು ಮಾಮೂಲು. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಹತ್ತು ನಿಮಿಷ ಬಿಡಿ. ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ಹಳೆ ಟವೆಲ್, ಡಿಕ್ಕಿಯಲ್ಲಿ ಐದು ಲೀಟರ್ ನೀರು ಯಾವಾಗಲೂ ಇರಲಿ.

ಬ್ರೇಕ್ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಎರಡೂ ಕಾರಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಇವತ್ತಿನ ಕಾರು ಮುಂದೆ ಗಕ್ಕನೆ ನಿಂತರೆ ನಿಮ್ಮದು ನಿಲ್ಲಲ್ಲ. ಹೈವೇಯಲ್ಲಿ 70 ದಾಟಬೇಡಿ, ಮುಂದಿನ ಗಾಡಿಗೂ ನಿಮಗೂ ಎರಡರಷ್ಟು ಅಂತರ ಇಡಿ. ನೀರಿನಲ್ಲಿ ಹಾದು ಬಂದ ಮೇಲೆ ಮೆಲ್ಲಗೆ ಬ್ರೇಕ್ ಒತ್ತುತ್ತಾ ನೂರು ಗಜ ಹೋಗಿ, ಡ್ರಮ್ ಒಣಗಲಿ. ಮಕ್ಕಳಿದ್ದಾರೆ ಅಂದಿದ್ದೀರಿ. ಸೀಟ್ ಬೆಲ್ಟ್ ಇಲ್ಲದಿದ್ದರೆ ಹಾಕಿಸಿ, ಬೆಸುಗೆ ಗಟ್ಟಿ ಜಾಗದಲ್ಲಿ ಇರಲಿ.

ಕಾಗದಪತ್ರ. ನಿಮ್ಮ ಅಂಬಾಸಿಡರ್ 1976ರದ್ದು, ಅಂದರೆ ಮೊದಲ ನೋಂದಣಿ ಅದೇ ವರ್ಷದ್ದಾದರೆ 2026ರಲ್ಲಿ 50 ತುಂಬುತ್ತದೆ. 50 ವರ್ಷ ದಾಟಿದ ಕಾರನ್ನು 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಇದನ್ನು ಕೇಳಿ ಯಾರಾದರೂ "ಮಾಡಿಸಿಬಿಡಿ ಸಾರ್" ಅಂದರೆ ಒಂದು ಸಲ ಯೋಚಿಸಿ. ವಿಂಟೇಜ್ ಕಾರನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ ಹೊರಗೆ ತರಬಹುದು. ವಾರವಾರ ತಾಯಿಯವರನ್ನು ಕರೆದುಕೊಂಡು ಹೋಗುವ ಕಾರಿಗೆ ಅದು ಹೊಂದಲ್ಲ. ನಿಮಗೆ ಬೇಕಾದದ್ದು ಮಾಮೂಲಿ ಮರು ನೋಂದಣಿ. 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಫಿಟ್‌ನೆಸ್ ತೋರಿಸಿ ಮಾಡಿಸುವಂಥದ್ದು. ಮಾರುವವರ ಆರ್‌ಸಿ ಈಗ ಜೀವಂತ ಇದೆಯಾ, ಗ್ರೀನ್ ಟ್ಯಾಕ್ಸ್ ಬಾಕಿ ಇದೆಯಾ ಅಂತ ಮುಂಗಡ ಕೊಡುವ ಮೊದಲೇ ಆರ್‌ಟಿಓದಲ್ಲಿ ಕೇಳಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರನ್ನು ಬ್ಲಾಕಿನ ಮೇಲಿರುವ ನಂಬರಿಗೆ ತಾಳೆ ನೋಡಿ. ಅಂಬಾಸಿಡರ್‌ನಲ್ಲಂತೂ ಇದನ್ನು ಬಿಡಲೇಬೇಡಿ. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿ, ಮತ್ತೆ ಪೆಟ್ರೋಲ್ ಕೂರಿಸಿದ ಗಾಡಿಗಳು ಬೇಕಾದಷ್ಟಿವೆ.

ಸರಿ, ನಾನಾದರೆ ಯಾವುದು ತಗೊಳ್ತಿದ್ದೆ? ನನಗೆ ಓಡಿಸಲು ಇಷ್ಟ ಫಿಯಟ್. ಸಣ್ಣ ಎಂಜಿನ್ನಿನ ಪೂರ್ತಿ ಶಕ್ತಿ ಹಿಂಡಿಕೊಂಡು ಓಡಿಸುವ ಸುಖವೇ ಬೇರೆ. ನೀವು ಒಬ್ಬರೇ, ಇಲ್ಲ ಗಂಡ ಹೆಂಡತಿ ಇಬ್ಬರೇ ಆಗಿದ್ದರೆ ಕಣ್ಣು ಮುಚ್ಚಿ ಫಿಯಟ್ ಅಂತಿದ್ದೆ. ಆದರೆ ನೀವು ಐದು ಜನ. ತಾಯಿಯವರ ಮಂಡಿ, ಜಗಳೂರಿನ ಮಣ್ಣು ರಸ್ತೆ, ಬೇಸಿಗೆಯ ಹೈವೇ. ಈ ಮೂರಕ್ಕೂ ಅಂಬಾಸಿಡರ್ ಸರಿ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ವಾಲ್ವ್ ಸೀಟಿನ ಖರ್ಚು ಒಂದು ಸಲ ಬರುತ್ತದೆ, ಅಷ್ಟೇ.

ಇದು ಎರಡೂ ಕಾರಿನ ಮೈ ಒಂದೇ ಮಟ್ಟದಲ್ಲಿದ್ದರೆ ಮಾತ್ರ. ಎಂಜಿನ್ ಹೋದರೆ ಕಟ್ಟಬಹುದು, ಮೈ ಹೋದರೆ ಕಷ್ಟ. ಎರಡಕ್ಕೂ ಲಾರಿಯ ಹಾಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ಬಾಗಿಲ ಕೆಳಗಿನ ಉದ್ದ ಪಟ್ಟಿ ತುಕ್ಕು ಹಿಡಿದು ಟೊಳ್ಳಾಗಿದ್ದರೆ ಕಾರು ಮಧ್ಯದಲ್ಲಿ ಬಗ್ಗುತ್ತದೆ, ಬಾಗಿಲು ಸರಿಯಾಗಿ ಹಾಕಿಕೊಳ್ಳಲ್ಲ. ನಮ್ಮದು ಒಣ ಹವೆ, ಕರಾವಳಿಯ ಹಾಗೆ ಉಪ್ಪುಗಾಳಿ ಇಲ್ಲ. ಇಲ್ಲೇ ಬಾಳಿದ ಕಾರಾದರೆ ಅದೃಷ್ಟ. ಹಿಂದಿನ ಮಾಲೀಕರು ಯಾವ ಊರಿನವರು ಅಂತ ಆರ್‌ಸಿಯಲ್ಲಿ ನೋಡಿ.

ನೋಡಲು ಹೋಗುವಾಗ ಒಂದು ಸಣ್ಣ ಅಯಸ್ಕಾಂತ, ಟಾರ್ಚ್, ಕೆಳಗೆ ಹಾಸಲು ಹಳೆ ಚಾಪೆ ಇಟ್ಟುಕೊಳ್ಳಿ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಗಿಲ ಕೆಳಭಾಗ, ಚಕ್ರದ ಕಮಾನು, ಡಿಕ್ಕಿ ತಳದ ಮೇಲೆ ಆಡಿಸಿ. ಹಿಡಿಯದೆ ಜಾರಿದ ಕಡೆ ಒಳಗೆ ಇರುವುದು ತಗಡಲ್ಲ, ಪುಟ್ಟಿ. ಬೆಳಿಗ್ಗೆ ಬೇಗ ಹೋಗಿ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ ಅಂತ ಹಿಂದಿನ ದಿನವೇ ಫೋನಿನಲ್ಲಿ ಹೇಳಿ. ರಾತ್ರಿಯೆಲ್ಲ ಆರಿದ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಚೋಕ್ ಎಳೆದು ಸೆಲ್ಫ್ ಹೊಡೆದಾಗ ಎಷ್ಟು ಹೊತ್ತಿಗೆ ಹಿಡಿಯಿತು, ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತಾ ನೋಡಿ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಪುಸುಪುಸು ಹೊಗೆ ಉಗುಳಿದರೆ ರಿಂಗ್ ಸವೆದಿವೆ.

ಆಮೇಲೆ ಎಂಜಿನ್ ಆರಿಸಿ, ಕಾಯಿಲ್ ವೈರ್ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಿ. ನಮ್ಮ ಮೇಸ್ತ್ರಿ ನನಗೆ ಮೊದಲ ವಾರ ಕಲಿಸಿದ ಪಾಠ ಇದು. ಒಂದು ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಿರಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಒಳ್ಳೆ ಸಿಲಿಂಡರ್ ಆದರೆ ಟಪ್ ಅಂತ ಬೆರಳನ್ನು ಎಸೆಯುತ್ತದೆ, ನೀವು ಎಷ್ಟು ಬಿಗಿ ಹಿಡಿದರೂ ತಡೆಯೋಕಾಗಲ್ಲ. ಸವೆದದ್ದಾದರೆ ಬೆರಳಿನ ಪಕ್ಕದಿಂದ ಸುಮ್ಮನೆ ಗಾಳಿ ನುಸುಳುತ್ತದೆ. ನಾಲ್ಕನ್ನೂ ಹೀಗೆ ನೋಡಿ. ನಾಲ್ಕೂ ಒಂದೇ ಥರ ಎಸೆದರೆ ಸಾಕು. ಮೂರು ಜೋರಾಗಿ ಎಸೆದು ಒಂದು ಮೆತ್ತಗಿದ್ದರೆ ಅಂಬಾಸಿಡರ್‌ನಲ್ಲಿ ವಾಲ್ವ್ ಸುಟ್ಟಿರಬಹುದು. ಅಕ್ಕಪಕ್ಕದ ಎರಡು ಮೆತ್ತಗಿದ್ದರೆ ಆ ಎರಡರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಫಿಯಟ್‌ನಲ್ಲಾದರೆ ಹೆಡ್ ಬಾಗಿದೆಯಾ ಅಂತಲೂ ಅನುಮಾನ ಪಡಿ. ಅಷ್ಟರ ಮೇಲೆ ಬೆಲೆ ಮಾತಾಡಿ.

ಹರಿಹರಕ್ಕೆ ಹೋಗುವ ದಿನ ತಾಯಿಯವರನ್ನೂ ಕರೆದುಕೊಂಡು ಹೋಗಿ. ಕಾರು ಓಡಿಸಿ ನೋಡುವ ಮೊದಲೇ ಅವರನ್ನು ಹಿಂದಿನ ಸೀಟಿನಲ್ಲಿ ಎರಡು ಸಲ ಕೂರಿಸಿ, ಎರಡು ಸಲ ಇಳಿಸಿ. ಬಾಗಿಲ ಚೌಕಟ್ಟಿಗೆ ಕೈ ಹಿಡಿಯದೆ ಎದ್ದರೆ ಆ ಕಾರು ಅವರಿಗೆ ಹೊಂದಿತು.